ಎಂಟನೇ ಕ್ಲಾಸಿಗೆ ಬ್ರಾಹ್ಮಿ ಲಿಪಿ

ಚಳ್ಳಕೆರೆ ಕಡೆಯ ಒಂದು ಪ್ರೌಢಶಾಲೆಯಲ್ಲಿ ನಾನು ಸಮಾಜ ವಿಜ್ಞಾನ ಮೇಷ್ಟ್ರು. ಎಂಟನೇ ಕ್ಲಾಸಿನಲ್ಲಿ ಮೌರ್ಯರ ಪಾಠ ಬಂದಾಗ ಮೊದಲು ಅಶೋಕನ ಹೆಸರೇ ಎತ್ತುವುದಿಲ್ಲ. ಬೋರ್ಡಿನ ಮೇಲೆ ಕೂಡಿಸುವ ಚಿಹ್ನೆ ಬರೆದು ಇದೇನು ಅಂತ ಕೇಳುತ್ತೇನೆ. 'ಪ್ಲಸ್ಸು ಸಾರ್' ಅಂತಾರೆ. ಅಶೋಕನ ಕಾಲದ ಬ್ರಾಹ್ಮಿ ಲಿಪಿಯಲ್ಲಿ ಅದು 'ಕ'. ತಲೆಕೆಳಗಾದ ಇಂಗ್ಲಿಷ್ ಟಿ 'ನ', ತಲೆಕೆಳಗಾದ ವಿ 'ಗ'. ಇಷ್ಟು ಗೊತ್ತಾದರೆ ಸಾಕು, ಕನಕ, ಗಗನ ಎರಡೂ ಹೆಸರು ಬರೆಯಬಹುದು. ಆ ಹೆಸರಿನವರು ಕ್ಲಾಸಿನಲ್ಲಿದ್ದರೆ ಅವತ್ತು ಅವರದೇ ದರ್ಬಾರು. ಉಳಿದವರು 'ನಂದೂ ಬರ್ಕೊಡಿ ಸಾರ್' ಅಂತ ಮುತ್ತಿಕೊಳ್ಳುತ್ತಾರೆ. ಆಗ ಪೂರ್ತಿ ಅಕ್ಷರಗಳ ಚಾರ್ಟ್ ಗೋಡೆಗೆ ಅಂಟಿಸುತ್ತೇನೆ.

ಕನ್ನಡವನ್ನೇ ತಡವರಿಸಿ ಓದುವ ಮಕ್ಕಳು ಎಂಟನೇ ಕ್ಲಾಸಿನಲ್ಲೂ ಇರುತ್ತಾರೆ. ಪಾಠ ಓದು ಅಂದರೆ ತಲೆ ತಗ್ಗಿಸುತ್ತಾರೆ. ಬ್ರಾಹ್ಮಿ ಮುಂದೆ ಮಾತ್ರ ಫಸ್ಟ್ ಬೆಂಚು, ಲಾಸ್ಟ್ ಬೆಂಚು ಎಲ್ಲರೂ ಹೊಸಬರೇ. ಚಿತ್ರ ಬಿಡಿಸುವ ಕೈ ಇರುವವರು ಬೇಗ ಕಲಿಯುತ್ತಾರೆ, ಅವರಲ್ಲಿ ಲಾಸ್ಟ್ ಬೆಂಚಿನವರೇ ಜಾಸ್ತಿ.

ಆಮೇಲೆ ಬ್ರಹ್ಮಗಿರಿಯ ಅಶೋಕನ ಶಾಸನ. ಇದು ಪಕ್ಕದ ಮೊಳಕಾಲ್ಮೂರು ತಾಲ್ಲೂಕಿನಲ್ಲೇ ಇದೆ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಇದನ್ನು ಬೆಳಕಿಗೆ ತಂದರು. ಅದರಲ್ಲಿ ಸುವರ್ಣಗಿರಿಯಲ್ಲಿದ್ದ ಮೌರ್ಯ ರಾಜಕುಮಾರ ಇಸಿಲ ಅನ್ನುವ ಊರಿನ ಅಧಿಕಾರಿಗಳಿಗೆ ಆರೋಗ್ಯ ಕೋರಿ ಮಾತು ಶುರು ಮಾಡುತ್ತಾನೆ. ಕನ್ನಡ ಪಿರಿಯಡ್ಡಿನಲ್ಲಿ ಪತ್ರ ಬರೆಯುವುದು ಹೇಳಿಕೊಟ್ಟಿರುತ್ತಾರೆ, ಹಾಗಾಗಿ 'ಕ್ಷೇಮವೆಂದು ಭಾವಿಸುತ್ತೇನೆ' ಅಂತ ಮಕ್ಕಳೇ ಹೇಳಿಬಿಡುತ್ತಾರೆ. ತಂದೆ ತಾಯಿ ಮಾತು ಕೇಳಬೇಕು, ಸತ್ಯ ಹೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಅಂತೆಲ್ಲ ಅದರಲ್ಲಿದೆ. ಒಬ್ಬ ಹುಡುಗ ಕೇಳಿಯೇಬಿಟ್ಟ: 'ಕೊನೇದು ನೀವು ಸೇರಿಸಿದ್ದು ಅಲ್ವಾ ಸಾರ್?' ನಾನು ಶಾಸನದ ಪಾಠವನ್ನೇ ತೋರಿಸಬೇಕಾಯಿತು. ನನಗಂತೂ ಖುಷಿ. ಮೇಷ್ಟ್ರು ಹೇಳಿದ್ದಕ್ಕೂ ಆಧಾರ ಕೇಳಿದನಲ್ಲ!

ಶಾಸನ ಬರೆದವನು ಚಪಡ. ಬರೆದದ್ದೆಲ್ಲ ಬ್ರಾಹ್ಮಿ, ಆದರೆ 'ಲಿಪಿಕಾರ' ಅನ್ನುವ ಅರ್ಥದ ಕೊನೆಯ ಪದ ಮಾತ್ರ ಖರೋಷ್ಠಿ. ಅದು ಬಲದಿಂದ ಎಡಕ್ಕೆ ಬರೆಯುವ, ವಾಯವ್ಯ ಗಡಿಯ ಕಡೆಯ ಲಿಪಿ. ಈ ಮನುಷ್ಯ ನಮ್ಮೂರ ಕಡೆ ಯಾಕೆ ಬಂದ? ಹೇಗೆ ಬಂದ? ಆ ಕಡೆಯವನೇ ಅಂತ ಹೇಗೆ ಹೇಳುವುದು, ಸುಮ್ನೆ ಕಲಿತಿರಬಹುದಲ್ಲ? ಒಂದು ಪಿರಿಯಡ್ ಪೂರ್ತಿ ಇದರಲ್ಲೇ ಹೋಗುತ್ತದೆ, ನಾನು ತಡೆಯುವುದಿಲ್ಲ. ಮೌರ್ಯ ಸಾಮ್ರಾಜ್ಯ ಎಷ್ಟು ದೊಡ್ಡದಿತ್ತು ಅನ್ನುವುದು ಭೂಪಟಕ್ಕಿಂತ ಚೆನ್ನಾಗಿ ಆಗ ತಲೆಗೆ ಹೋಗುತ್ತದೆ.

ಹತ್ತನೇ ಕ್ಲಾಸಿಗೆ ಇಷ್ಟು ಪುರುಸೊತ್ತಿಲ್ಲ. ಎಸ್ಸೆಸ್ಸೆಲ್ಸಿ ಅಂದಮೇಲೆ ಮುಖ್ಯಾಂಶ ಬರೆಸಲೇಬೇಕು, ಬರೆಸುತ್ತೇನೆ. ಅಲ್ಲಿ ಮಾಡುವುದು ಒಂದೇ. ಪಾಠದ ಒಂದೊಂದು ಪ್ಯಾರಾವನ್ನು ದಪ್ಪ ಅಕ್ಷರದಲ್ಲಿ ಚೀಟಿ ಮಾಡಿ ಗುಂಪಿಗೊಂದು ಕೊಡುತ್ತೇನೆ. ಒಬ್ಬರು ಗಟ್ಟಿಯಾಗಿ ಓದಬೇಕು, ಓದಲು ಕಷ್ಟಪಡುವವರು ಕೇಳಿಸಿಕೊಂಡು ತಮ್ಮ ಮಾತಿನಲ್ಲಿ ಹೇಳಬೇಕು. ಹೈದರಾಲಿ 1779ರಲ್ಲಿ ಚಿತ್ರದುರ್ಗ ಗೆದ್ದ ಕಥೆ ಬಂದರೆ ಚೀಟಿಯೇ ಬೇಡ. ಓಬವ್ವನಿಂದ ಶುರು ಮಾಡಿ ಅವರೇ ಹೇಳುತ್ತಾರೆ. ಯಾರು ಹೇಳಿದ್ದು ಅಂದರೆ 'ನಮ್ಮಜ್ಜಿ'. ಅಜ್ಜಿ ಹೇಳಿದ್ದು, ಶಾಸನದಲ್ಲಿರುವುದು, ಪುಸ್ತಕದಲ್ಲಿರುವುದು ಅಂತ ಬೋರ್ಡಿನಲ್ಲಿ ಮೂರು ಕಾಲಂ ಎಳೆಯುತ್ತೇನೆ. ಯಾವುದು ಎಲ್ಲಿಗೆ ಅನ್ನುವ ಜಗಳ ಬೆಲ್ ಹೊಡೆದರೂ ಮುಗಿಯುವುದಿಲ್ಲ.