24ರ ರಾತ್ರಿ ತನಕ ಗೋದಲಿಯ ತೊಟ್ಟಿ ಖಾಲಿ ಇರ್ಲಿ: ಮನೇಲಿ ಕ್ರಿಸ್ಮಸ್ ತಯಾರಿ ಮಾಡ್ಕೊಳ್ಳೋದು ಹೇಗೆ

ಕ್ರಿಸ್ಮಸ್ ತಯಾರಿ ಅಂದ್ರೆ ಎಷ್ಟೋ ಮನೆಗಳಲ್ಲಿ ನವೆಂಬರ್ ಕೊನೇಲೇ ಟ್ರೀ ನಿಲ್ಲಿಸಿ, ಲೈಟ್ ಹಾಕಿ, ದಿನಾ ಕ್ಯಾರಲ್ಸ್ ಕೇಳಿ, ಒಂದಾದ್ಮೇಲೆ ಒಂದು ಪಾರ್ಟಿ ಮುಗಿಸಿ, 25 ಬರೋ ಹೊತ್ತಿಗೆ ಎಲ್ಲರೂ ಸುಸ್ತಾಗಿ ಬಿದ್ದಿರ್ತಾರೆ, 26ಕ್ಕೆ ಟ್ರೀ ಬಿಚ್ಚಿ ಅಟ್ಟಕ್ಕೆ ಹಾಕಿಬಿಡ್ತಾರೆ. ನಮ್ಮನೇಲೂ ಸುಮಾರು ವರ್ಷ ಹೀಗೇ ನಡೀತಿತ್ತು. ಒಂದು ಸಲ 24ರ ರಾತ್ರಿ ಪೂಜೆಲಿ ಪಕ್ಕದಲ್ಲಿ ಕೂತಿದ್ದ ಮಗಳು ನನ್ನ ಸೆರಗು ಎಳೆದು "ಅಮ್ಮಾ, ಕ್ರಿಸ್ಮಸ್ ಮುಗೀತಾ?" ಅಂತ ಕೇಳಿದ್ಲು, ಆಗಷ್ಟೇ ಗ್ಲೋರಿಯಾ ಅನ್ನೋ ಸ್ತುತಿಗೀತೆ ಹಾಡೋಕೆ ಎಲ್ಲರೂ ಎದ್ದು ನಿಂತಿದ್ರು. ಆ ಮಾತು ಮನಸ್ಸಲ್ಲೇ ಉಳೀತು. ಮುಂದಿನ ವರ್ಷದಿಂದ ನಾವು ಬದಲಾಯಿಸಿದ್ದು ಒಂದೇ ವಿಷಯ, ಕಾಯೋ ದಿನಗಳಲ್ಲಿ ಕಾಯ್ತೀವಿ, ಹಬ್ಬಾನ 25ಕ್ಕೆ ಶುರು ಮಾಡಿ ಜನವರಿ 6ರ ತನಕ ಮಾಡ್ತೀವಿ. ಕೆಲಸ ಹೆಚ್ಚಾಗ್ಲಿಲ್ಲ, ನಿಜ ಹೇಳ್ಬೇಕು ಅಂದ್ರೆ ಕಮ್ಮಿನೇ ಆಯ್ತು. ಹೇಗೆ ಮಾಡ್ಕೋಬಹುದು ಅಂತ ಬರೀತಾ ಇದೀನಿ.

ಮೊದಲು ಕ್ಯಾಲೆಂಡರ್ ತಗೊಂಡು ಕೂತ್ಕೊಳ್ಳಿ. ಡಿಸೆಂಬರ್ 25ರಿಂದ ಹಿಂದಕ್ಕೆ ನಾಲ್ಕು ಭಾನುವಾರ ಎಣಿಸಿದ್ರೆ ಅಡ್ವೆಂಟ್, ಅಂದ್ರೆ ಕ್ರಿಸ್ಮಸ್‌ಗೆ ಕಾಯೋ ಆಗಮನ ಕಾಲದ ಮೊದಲನೇ ಭಾನುವಾರ ಸಿಗುತ್ತೆ, ಅದು ಯಾವಾಗ್ಲೂ ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೇ ಬರೋದು. 25 ಭಾನುವಾರ ಬಿದ್ರೆ ಪೂರ್ತಿ 28 ದಿನ ಸಿಗುತ್ತೆ, ಸೋಮವಾರ ಬಿದ್ರೆ ಬರೀ 22 ದಿನ, 2023ರಲ್ಲಿ ಹಾಗಾಗಿತ್ತು, ನಾಲ್ಕನೇ ಭಾನುವಾರಾನೂ ಕ್ರಿಸ್ಮಸ್ ಹಿಂದಿನ ದಿನಾನೂ ಒಂದೇ ಆಗಿಬಿಟ್ಟಿತ್ತು, 2028ರಲ್ಲೂ ಹಾಗೇ ಬರುತ್ತೆ. ಇದನ್ನ ಮೊದಲೇ ನೋಡ್ಕೊಂಡ್ರೆ ಕೊನೇ ವಾರದ ಗಡಿಬಿಡಿ ಅರ್ಧ ಕಮ್ಮಿ ಆಗುತ್ತೆ. ಎಲ್ಲಾ ಸಭೆಗಳಲ್ಲೂ, ಅಂದ್ರೆ ಕ್ರೈಸ್ತ ಪಂಗಡಗಳಲ್ಲೂ, ಅಡ್ವೆಂಟ್ ಇರಲ್ಲ, ಹಳೇ ಜೂಲಿಯನ್ ಕ್ಯಾಲೆಂಡರ್ ಇಟ್ಕೊಂಡಿರೋ ಆರ್ಥೊಡಾಕ್ಸ್ ಸಭೆಗಳಿಗೆ ಕ್ರಿಸ್ಮಸ್ಸೇ ಜನವರಿ 7ಕ್ಕೆ, ನಿಮ್ಮ ಸಭೆ ಲೆಕ್ಕ ಯಾವುದೋ ಅದನ್ನೇ ಇಟ್ಕೊಳ್ಳಿ. ಕಾಯೋದು ಎಲ್ಲರಿಗೂ ಒಂದೇ.

ಈಗ ಅಡ್ವೆಂಟ್ ಮಾಲೆ. ದುಂಡಗಿರೋ ಒಂದು ತಟ್ಟೆ, ಸುತ್ತ ಹಸಿರು ಎಲೆ, ನಾಲ್ಕು ಕ್ಯಾಂಡಲ್, ಇಷ್ಟೇ ಸಾಕು. ಮೂರು ನೇರಳೆ, ಒಂದು ಗುಲಾಬಿ ಬಣ್ಣದ್ದು ಇಡೋದು ಹೆಚ್ಚಾಗಿ ಕಥೋಲಿಕರ ರೂಢಿ, ಗುಲಾಬೀದು ಮೂರನೇ ಭಾನುವಾರಕ್ಕೆ, ಆ ಭಾನುವಾರದ ಹೆಸರೇ ಲ್ಯಾಟಿನ್‌ನಲ್ಲಿ ಗೌದೇತೆ, ಅಂದ್ರೆ ಸಂತೋಷಪಡಿ ಅಂತ. ಬೇರೆ ಸಭೆಯವರು ನೀಲಿ ಇಡ್ತಾರೆ, ನಾಲ್ಕೂ ಕೆಂಪು ಇಡೋರೂ ಇದ್ದಾರೆ, ಬಣ್ಣದ ವಿಷಯಕ್ಕೆ ತಲೆ ಕೆಡಿಸ್ಕೋಬೇಡಿ. ಇದು ಶುರುವಾಗಿದ್ದೇ ಮಕ್ಕಳಿಗೋಸ್ಕರ. 1839ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಯೋಹಾನ್ ಹಿನ್ರಿಕ್ ವಿಖೆರ್ನ್ ಅನ್ನೋ ಪಾಸ್ಟರ್, ತಾವು ನೋಡ್ಕೊಳ್ತಿದ್ದ ಬಡ ಮಕ್ಕಳು ಕ್ರಿಸ್ಮಸ್ ಯಾವಾಗ ಯಾವಾಗ ಅಂತ ದಿನಾ ಕೇಳ್ತಿದ್ರಂತ ಒಂದು ಗಾಡಿ ಚಕ್ರಕ್ಕೆ ಕ್ಯಾಂಡಲ್ ಸಿಕ್ಕಿಸಿದ್ರು, ವಾರದ ದಿನಗಳಿಗೆ ಚಿಕ್ಕ ಕೆಂಪು ಕ್ಯಾಂಡಲ್, ಭಾನುವಾರಕ್ಕೆ ದೊಡ್ಡ ಬಿಳಿದು. ನಿಮ್ಮ ಮಕ್ಕಳೂ ಅದನ್ನೇ ಕೇಳ್ತಾರೆ, ಉತ್ತರ ಮೇಜಿನ ಮೇಲಿರುತ್ತೆ.

ಮೊದಲನೇ ವಾರ ಒಂದು ಕ್ಯಾಂಡಲ್, ಎರಡನೇ ವಾರ ಎರಡು, ಹೀಗೆ ದಿನಾ ರಾತ್ರಿ ಊಟಕ್ಕೆ ಮುಂಚೆ ಹತ್ತು ಹದಿನೈದು ನಿಮಿಷ ಹಚ್ಚಿ ಸಾಕು, ಲೈಟ್ ಆರಿಸಿ. ನಾಲ್ಕನೇ ವಾರ ಬರೋ ಹೊತ್ತಿಗೆ ನೋಡಿ, ಮೊದಲನೇ ಕ್ಯಾಂಡಲ್ ಕರಗಿ ಕರಗಿ ಬೆರಳುದ್ದ ಆಗಿರುತ್ತೆ, ಎರಡನೇದು ಅದಕ್ಕಿಂತ ಸ್ವಲ್ಪ ಎತ್ತರ, ಮೂರನೇದು ಇನ್ನೂ ಎತ್ತರ, ಕೊನೇದು ಹೊಸದಾಗೇ ನಿಂತಿರುತ್ತೆ, ನಾಲ್ಕೂ ಸೇರಿ ಮೆಟ್ಟಿಲು ಥರ ಕಾಣುತ್ತೆ. ಅದನ್ನ ನೋಡಿದಾಗಲೆಲ್ಲಾ ಇಷ್ಟು ದಿನ ಕಾದಿದೀವಲ್ಲಾ ಅನ್ನೋದು ಕಣ್ಣಿಗೇ ಕಾಣುತ್ತೆ, ನನಗಂತೂ ಇಡೀ ಡಿಸೆಂಬರ್‌ನಲ್ಲಿ ಇದಕ್ಕಿಂತ ಚೆಂದದ ಅಲಂಕಾರ ಇಲ್ಲ. ಎಲೆ ಒಣಗಿದ್ರೆ ತಕ್ಷಣ ಬದಲಾಯಿಸಿ, ಒಣ ಎಲೆಗೆ ಬೆಂಕಿ ಹತ್ತೋಕೆ ಒಂದು ಕಿಡಿ ಸಾಕು, ಕ್ಯಾಂಡಲ್ ಉರೀತಾ ಇರೋವಾಗ ಯಾರೂ ಎದ್ದು ಬೇರೆ ರೂಮಿಗೆ ಹೋಗಬೇಡಿ.

ಗೋದಲಿ, ಅಂದ್ರೆ ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ಜೋಡಣೆ, ಆ ವಿಷಯಕ್ಕೆ ಬರ್ತೀನಿ, ಇದರ ಬಗ್ಗೆ ಸ್ವಲ್ಪ ಜಾಸ್ತಿನೇ ಬರೀತೀನಿ ಯಾಕಂದ್ರೆ ಮಕ್ಕಳ ನಂಬಿಕೆ ಬೆಳೆಯೋದು ಇಲ್ಲೇ ಅಂತ ನನಗನ್ನಿಸುತ್ತೆ. 1223ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಇಟಲಿಯ ಗ್ರೆಚ್ಚೊದಲ್ಲಿ ನಿಜವಾದ ಎತ್ತು, ಕತ್ತೆ, ಹುಲ್ಲು ತರಿಸಿ ಬೆತ್ಲೆಹೇಮಿನ ಆ ರಾತ್ರೀನ ಜನರ ಕಣ್ಮುಂದೆ ನಿಲ್ಲಿಸಿದ್ರು. ಅವರು ಮಾಡಿದ್ದು ಕಣ್ಣಾರೆ ಕಾಣಲಿ ಅಂತ, ಹಾಗಾಗಿ ನಿಮ್ಮ ಗೋದಲಿನೂ ಮಕ್ಕಳ ಕೈಗೆ ಎಟುಕೋ ಎತ್ತರದಲ್ಲಿರ್ಲಿ, ಒಡೆದುಹೋಗೋ ಬೊಂಬೆ ಇದ್ರೆ ಮಣ್ಣಿನಲ್ಲೋ ಬಟ್ಟೆಯಲ್ಲೋ ಮಾಡಿದ ಇನ್ನೊಂದು ಸೆಟ್ ಇಡಿ. ಒಂದೇ ದಿನ ಎಲ್ಲಾ ಜೋಡಿಸಬೇಡಿ. ಮೊದಲನೇ ವಾರ ಖಾಲಿ ಕೊಟ್ಟಿಗೆ ಮಾತ್ರ, ಆಮೇಲೆ ಎತ್ತು, ಕತ್ತೆ, ಆಮೇಲೆ ದೂರದಲ್ಲಿ ಕುರುಬರು, ಕುರಿಗಳು. ಮರಿಯಮ್ಮ, ಜೋಸೆಫರು ಮನೆ ಬಾಗಿಲ ಹತ್ರದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಮುಂದೆ ಬರ್ಲಿ, ಕಿಟಕಿ ಕಟ್ಟೆ, ಪುಸ್ತಕದ ಶೆಲ್ಫ್, ಫ್ರಿಡ್ಜ್ ಮೇಲೆ ಹೀಗೆ, ಬೆಳಗ್ಗೆ ಎದ್ದ ತಕ್ಷಣ ಇವತ್ತು ಎಲ್ಲಿದ್ದಾರೆ ಅಂತ ಹುಡುಕೋದೇ ಮಕ್ಕಳಿಗೆ ಕೆಲಸ ಆಗುತ್ತೆ. ಬಾಲಯೇಸುಗೆ ಕಾಣಿಕೆ ತರೋ ಜೋಯಿಸರು ಮನೆಯ ಕೊನೇ ಮೂಲೆಲಿ ಇರ್ಲಿ, ಅವರ ಸರದಿ ಇನ್ನೂ ಬಂದಿಲ್ಲ.

ಬಾಲಯೇಸು ಮಲಗೋ ಮೇವಿನ ತೊಟ್ಟಿ ಮಾತ್ರ 24ರ ರಾತ್ರಿ ತನಕ ಖಾಲಿನೇ ಇರ್ಬೇಕು. ಪಕ್ಕದಲ್ಲಿ ಒಂದು ಬಟ್ಟಲಲ್ಲಿ ಒಣ ಹುಲ್ಲಿನ ಕಡ್ಡಿ ಇಡಿ. ಮನೇಲಿ ಯಾರೇ ಒಂದು ಒಳ್ಳೇ ಕೆಲಸ ಮಾಡಿದ್ರೂ, ತಮ್ಮನಿಗೆ ಹೋಮ್‌ವರ್ಕ್ ಹೇಳ್ಕೊಟ್ರೂ, ಅಜ್ಜಿ ಕಾಲು ಒತ್ತಿದ್ರೂ, ಬಾಯಿಗೆ ಬಂದ ಕೆಟ್ಟ ಮಾತು ನುಂಗ್ಕೊಂಡ್ರೂ, ಯಾರಿಗೂ ಹೇಳದೆ ಒಂದು ಕಡ್ಡಿ ತೊಟ್ಟಿಗೆ ಹಾಕ್ಬೇಕು, ಯಾರು ಯಾಕೆ ಹಾಕಿದ್ರು ಅಂತ ಕೇಳೋ ಹಾಗಿಲ್ಲ, ಎಣಿಸೋ ಹಾಗೂ ಇಲ್ಲ, ಎಣಿಸಿದ ತಕ್ಷಣ ಅದು ಕಾಂಪಿಟಿಷನ್ ಆಗಿಬಿಡುತ್ತೆ. ದೊಡ್ಡೋರೂ ಹಾಕ್ಬೇಕು. ಒಂದು ಸಲ ರಾತ್ರಿ ನೀರು ಕುಡಿಯೋಕೆ ಎದ್ದಾಗ ನಮ್ಮನೆಯವರು ಕತ್ತಲಲ್ಲಿ ಗೋದಲಿ ಮುಂದೆ ಬಗ್ಗಿ ಒಂದು ಕಡ್ಡಿ ಇಡ್ತಾ ಇದ್ದಿದ್ದನ್ನ ನೋಡಿದೆ, ಬೆಳಗ್ಗೆ ನಾನು ಕೇಳ್ಲಿಲ್ಲ, ಅವರೂ ಹೇಳ್ಲಿಲ್ಲ.

ಓದೋಕೆ ಏನು ಅಂತೀರಾ, ಬೈಬಲ್‌ನ ಲೂಕನ ಸುವಾರ್ತೆಲಿ 24 ಅಧ್ಯಾಯ ಇದೆ, ಡಿಸೆಂಬರ್ 1ರಿಂದ ದಿನಕ್ಕೊಂದು ಓದಿದ್ರೆ 24ಕ್ಕೆ ಸರಿಯಾಗಿ ಮುಗಿಯುತ್ತೆ. ಪುಟ್ಟ ಮಕ್ಕಳಿದ್ರೆ ಇಷ್ಟು ಆಗಲ್ಲ, ಅಂಥವರು ಮೊದಲನೇ ಅಧ್ಯಾಯಾನ ತುಂಡು ತುಂಡು ಮಾಡಿ ಓದಿ, 80 ವಚನ ಇದೆ, ದಿನಕ್ಕೆ ನಾಲ್ಕೈದು ಸಾಕು. ಹೇಗೇ ಓದಿದ್ರೂ ಎರಡನೇ ಅಧ್ಯಾಯದ ಮೊದಲ 20 ವಚನ ಮಾತ್ರ ಬಿಟ್ಟು ಮುಂದೆ ಹೋಗಿ, ಅದು 24ರ ರಾತ್ರಿಗೆ.

ಮನೆ ಕ್ಲೀನಿಂಗ್, ಅಡುಗೆ, ಗಿಫ್ಟು ಇದೆಲ್ಲಾ ಬೇಗ ಹೇಳಿ ಮುಗಿಸ್ತೀನಿ. ಎಲ್ಲಾ ಕಪಾಟು ಖಾಲಿ ಮಾಡಿ ಉಜ್ಜೋ ಕೆಲಸ ಮೊದಲ ಎರಡು ವಾರಕ್ಕೆ ಇಟ್ಕೊಳ್ಳಿ, ಕೊನೇ ವಾರ ಬರೀ ಗುಡಿಸಿ ಒರೆಸೋದು. ಹಣ್ಣು ನೆನೆಸಿ ಕೇಕ್ ಮಾಡೋರು ನವೆಂಬರ್‌ನಲ್ಲೇ ನೆನೆಸಿಡಿ, ಕೆಡದೆ ಇರೋ ತಿಂಡಿಗಳನ್ನ ಒಂದು ವಾರ ಮುಂಚೆ ಮಾಡಿ ಬಿಗಿ ಡಬ್ಬಕ್ಕೆ ಹಾಕಿಡಿ, 25ರ ಬೆಳಗ್ಗೆ ಒಲೆ ಮುಂದೆ ನಿಲ್ಲೋ ಕೆಲಸ ಒಂದೋ ಎರಡೋ ಇದ್ರೆ ಸಾಕು, ಮನೆ ಹೆಣ್ಮಕ್ಕಳು ಹಬ್ಬದ ದಿನ ಅಡುಗೆಮನೆಲೇ ಕಳೆಯೋದು ನನಗೆ ಒಂಚೂರೂ ಇಷ್ಟ ಆಗಲ್ಲ, ಪಾತ್ರೆ ತೊಳೆಯೋಕೆ ಗಂಡಸರ ಹೆಸರು ಬರೆದು ಗೋಡೆಗೆ ಅಂಟಿಸಿ. ಗಿಫ್ಟ್ ಮನೆಯವರಿಗೆ ಒಬ್ಬರಿಗೆ ಒಂದು. ಅಷ್ಟೇ ದುಡ್ಡನ್ನ ಕಷ್ಟದಲ್ಲಿರೋ ಒಂದು ಮನೆಗೆ ಎತ್ತಿಡಿ, ಅದನ್ನ 20ರ ಒಳಗೆ ತಲುಪಿಸಿ, ಅವರೂ ಹಬ್ಬಕ್ಕೆ ಸಾಮಾನು ತರಬೇಕಲ್ವಾ. ಸಾಂಟಾ ಬಗ್ಗೆ ಕೇಳೋ ಮಕ್ಕಳಿಗೆ ಮೈರಾದ ಬಿಷಪ್ ಸಂತ ನಿಕೋಲಸ್ ಬಗ್ಗೆ ಹೇಳಿ, ಅವರ ಹಬ್ಬ ಡಿಸೆಂಬರ್ 6, ಗುಟ್ಟಾಗಿ ಕೊಟ್ಟೋರು ಅಂತಾನೇ ಅವರಿಗೆ ಹೆಸರು, ಹುಲ್ಲುಕಡ್ಡಿ ವಿಷಯನೂ ಅದೇ ತಾನೆ. ಪಾಪನಿವೇದನೆಗೆ ಹೋಗೋರು ಕೊನೇ ಎರಡು ದಿನಕ್ಕೆ ಬಿಡಬೇಡಿ, ಸಾಲು ಉದ್ದ ಇರುತ್ತೆ, ಫಾದರ್‌ಗೂ ಆಯಾಸ ನಿಮಗೂ ಅವಸರ.

ಬಂಧುಗಳು ಸೇರೋ ವಿಷಯ ಸ್ವಲ್ಪ ಸೂಕ್ಷ್ಮ. ಯಾರು ಯಾವತ್ತು ಬರ್ತಾರೆ, ಎಲ್ಲಿ ಮಲಗ್ತಾರೆ, ಯಾರಿಗೆ ಶುಗರ್, ಯಾರು ಮೆಟ್ಟಿಲು ಹತ್ತಲ್ಲ ಅನ್ನೋದನ್ನ ಮೊದಲೇ ಫೋನ್ ಮಾಡಿ ಕೇಳ್ಕೊಳ್ಳಿ. ಚಳಿಗಾಲ, ವಯಸ್ಸಾದೋರಿಗೆ ರಾತ್ರಿ ಪೂಜೆ ಆಗಲ್ಲ ಅಂದ್ರೆ 25ರ ಬೆಳಗಿನ ಪೂಜೆಗೆ ಕರ್ಕೊಂಡು ಹೋಗೋಕೆ ಒಬ್ಬರನ್ನ ಗೊತ್ತು ಮಾಡಿ, ಅವರನ್ನ ಟಿವಿ ಮುಂದೆ ಕೂರಿಸಿ ಹೋಗ್ಬೇಡಿ. ಮಾತು ಬಿಟ್ಟಿರೋ ಅಣ್ಣತಮ್ಮಂದಿರಿದ್ರೆ ಹಬ್ಬದ ಊಟದ ದಿನಾನೇ ರಾಜಿ ಮಾಡಿಸೋಕೆ ಹೋಗಬೇಡಿ, ಅಡ್ವೆಂಟ್‌ನಲ್ಲೇ ಒಂದು ದಿನ ಅವರ ಮನೆಗೆ ಹೋಗಿ ಬನ್ನಿ.

ಆ ವರ್ಷ ಮನೇಲಿ ಯಾರಾದ್ರೂ ತೀರ್ಕೊಂಡಿದ್ರೆ ಹಬ್ಬ ಮಾಡ್ಬೇಕಾ ಬೇಡ್ವಾ ಅನ್ನೋ ಪ್ರಶ್ನೆ ಬಂದೇ ಬರುತ್ತೆ. ನನ್ನಪ್ಪ ತೀರ್ಕೊಂಡ ವರ್ಷ ನಮಗೂ ಬಂತು. ಸ್ಟಾರ್ ಹಾಕ್ಲಿಲ್ಲ, ಟ್ರೀ ಇಡ್ಲಿಲ್ಲ, ಆದ್ರೆ ಗೋದಲಿ ಇಟ್ವಿ, ಅಮ್ಮನೇ ಇಡೋಣ ಅಂದ್ರು. ಅಪ್ಪ ಯಾವಾಗ್ಲೂ ಹಾಡ್ತಿದ್ದ ಹಾಡನ್ನ ಯಾರೂ ಶುರು ಮಾಡೋಕೆ ಧೈರ್ಯ ಮಾಡ್ಲಿಲ್ಲ, ಕೊನೆಗೆ ಅಮ್ಮನೇ ಮೆಲ್ಲಗೆ ಎತ್ಕೊಂಡ್ರು, ಎರಡನೇ ಸಾಲಿಗೆ ಎಲ್ಲರೂ ಸೇರ್ಕೊಂಡ್ವಿ, ಅತ್ತುಕೊಂಡೇ ಹಾಡಿದ್ವಿ. ನಿಮ್ಮನೇಲೂ ಹಾಗಿದ್ರೆ ತೀರ್ಕೊಂಡೋರ ಹೆಸರನ್ನ ಊಟದ ಪ್ರಾರ್ಥನೆಲಿ ಜೋರಾಗಿ ಹೇಳಿ, ಹೇಳದೆ ಇದ್ರೆ ಎಲ್ಲರೂ ಒಳಗೊಳಗೇ ಅದನ್ನೇ ಯೋಚಿಸ್ತಾ ಕೂತಿರ್ತಾರೆ.

24ರ ರಾತ್ರಿ ಚರ್ಚಿಗೆ ಹೋಗೋ ಮುಂಚೆ ಮಕ್ಕಳನ್ನ ಸಂಜೆ ಎರಡು ಗಂಟೆ ಹೊತ್ತು ಮಲಗಿಸಿ, ಊಟ ಹಗುರವಾಗಿರ್ಲಿ, ಸ್ವೆಟರ್ ಮರೀಬೇಡಿ. ಅಡ್ವೆಂಟ್ ಭಾನುವಾರಗಳಲ್ಲಿ ಕಥೋಲಿಕರ ಪೂಜೆಲಿ ಗ್ಲೋರಿಯಾ ಹಾಡಲ್ಲ, ಆ ರಾತ್ರಿ ಗಂಟೆಗಳ ಸದ್ದಿನ ಜೊತೆ ಅದು ವಾಪಸ್ ಬರುತ್ತೆ, ಅದನ್ನ ಮಕ್ಕಳಿಗೆ ಮೊದಲೇ ಹೇಳಿಡಿ, ಕಾಯ್ತಾ ಕೂತಿರ್ತಾರೆ. ಮನೆಗೆ ಬಂದ್ಮೇಲೆ ಎಷ್ಟೇ ಹೊತ್ತಾಗಿರ್ಲಿ, ಲೈಟ್ ಆರಿಸಿ ನಾಲ್ಕೂ ಕ್ಯಾಂಡಲ್ ಹಚ್ಚಿ, ಆ 20 ವಚನ ಒಬ್ಬರು ಓದ್ಲಿ, ಮನೆಯ ಅತೀ ಚಿಕ್ಕವರ ಕೈಲಿ ಬಾಲಯೇಸುನ ಕೊಟ್ಟು ಹುಲ್ಲಿನ ಮೇಲೆ ಮಲಗಿಸಿ. ಆಮೇಲೇನೇ ಕೇಕ್ ಕಟ್ ಮಾಡೋದು.

25ಕ್ಕೆ ಎಲ್ಲಾ ಮುಗಿಸಬೇಡಿ, ಇನ್ನೂ ಹನ್ನೆರಡು ದಿನ ಇದೆ. 26 ಸಂತ ಸ್ಟೀಫನ್ನರ ದಿನ, ಯೇಸು ಮೇಲಿನ ನಂಬಿಕೆಗಾಗಿ ಪ್ರಾಣ ಕೊಟ್ಟ ಮೊದಲನೇ ರಕ್ತಸಾಕ್ಷಿ, ಬಡವರ ಊಟ ನೋಡ್ಕೊಳ್ಳೋಕೆ ಆರಿಸಿದ ಏಳು ಜನರಲ್ಲಿ ಒಬ್ಬರು, ಅವತ್ತು ಒಂಟಿಯಾಗಿರೋ ಯಾರನ್ನಾದ್ರೂ ಊಟಕ್ಕೆ ಕರೀರಿ. 28 ಹೆರೋದ ರಾಜ ಕೊಲ್ಲಿಸಿದ ಬೆತ್ಲೆಹೇಮಿನ ಮಕ್ಕಳ ನೆನಪು, ಅವತ್ತು ನಾವು ಮಕ್ಕಳ ತಲೆ ಮೇಲೆ ಕೈಯಿಟ್ಟು ಆಶೀರ್ವಾದ ಮಾಡ್ತೀವಿ. ಕ್ಯಾರಲ್ಸ್ ಈ ದಿನಗಳಲ್ಲಿ ಹಾಡಿ, ಬಂಧುಗಳನ್ನ ಈ ದಿನಗಳಿಗೆ ಹಂಚಿ, ಎಲ್ಲರೂ ಒಂದೇ ದಿನ ಬಂದ್ರೆ ಯಾರ ಹತ್ರಾನೂ ಕೂತು ಮಾತಾಡೋಕಾಗಲ್ಲ.

ಈಗ ಜೋಯಿಸರು ಹೊರಡ್ಲಿ, ಮೂಲೆಯಿಂದ ದಿನಕ್ಕಿಷ್ಟು ದೂರ, ಜನವರಿ 6ಕ್ಕೆ ಗೋದಲಿ ತಲುಪ್ಬೇಕು. ಅವತ್ತು ಮತ್ತಾಯನ ಎರಡನೇ ಅಧ್ಯಾಯ ಓದಿ, ಎಷ್ಟು ಜನ ಬಂದ್ರು ಅಂತ ಅಲ್ಲಿ ಬರೆದಿಲ್ಲ, ಚಿನ್ನ, ಧೂಪ, ರಕ್ತಬೋಳ ಅಂತ ಮೂರು ಕಾಣಿಕೆ ಇರೋದಕ್ಕೆ ಮೂವರು ಅಂತೀವಿ, ಮಕ್ಕಳಿಗೇ ಹುಡುಕೋಕೆ ಬಿಡಿ, ಖುಷಿಯಿಂದ ಹುಡುಕ್ತಾರೆ.

ಬಿಚ್ಚಿಡೋವಾಗ ಪ್ರತೀ ಬೊಂಬೆನೂ ಪೇಪರ್‌ನಲ್ಲಿ ಸುತ್ತಿ, ಲೈಟಿನ ವೈರನ್ನ ಒಂದು ರಟ್ಟಿಗೆ ಸುತ್ತಿ, ಏನು ಸಾಲದೇ ಹೋಯ್ತು, ಯಾವುದು ಜಾಸ್ತಿ ಆಯ್ತು ಅಂತ ಒಂದು ಚೀಟಿ ಬರೆದು ಡಬ್ಬದ ಮೇಲ್ಗಡೆನೇ ಇಡಿ. ಬಾಲಯೇಸುನ ಮಾತ್ರ ಆ ಡಬ್ಬಕ್ಕೆ ಹಾಕಬೇಡಿ, ಬೇರೆ ಚಿಕ್ಕ ಡಬ್ಬದಲ್ಲಿ ಮಲಗಿಸಿ ದೇವರ ಪೀಠದ ಹತ್ರಾನೇ ಇಟ್ಕೊಳ್ಳಿ, ದೊಡ್ಡ ಡಬ್ಬ ತೆಗೆಯೋ ದಿನ ಅದು ಬೇಕಾಗಲ್ಲ.