ಬಣ್ಣ ಬದಲಿಸುವ ಬೆಳಕು, ಅಳೆಯುವ ಬೆಳಕು: ನನ್ನ ಅನುಭವ

ಮೈಸೂರಿನ ನಮ್ಮ ಪ್ರಯೋಗಾಲಯದಲ್ಲಿ ನಾನು ಕೈಗೆತ್ತಿಕೊಂಡದ್ದು ಸೈನೋಸ್ಟಿಲ್ಬೀನ್ ಕುಟುಂಬದ, ಅಂದರೆ ಎರಡು ಬೆಂಜೀನ್ ಉಂಗುರಗಳನ್ನು ಸೈನೋ ಗುಂಪಿರುವ ದ್ವಿಬಂಧ ಜೋಡಿಸುವ ಬಗೆಯ, ಒಂದು ಅಣು. ಎರಡು ಅಣುಗಳನ್ನು ದ್ವಿಬಂಧದಿಂದ ಬೆಸೆಯುವ ನೋವೆನಾಗೆಲ್ ಕ್ರಿಯೆಯಿಂದ ಅದನ್ನು ತಯಾರಿಸುವುದು ಕಷ್ಟವಲ್ಲ. ಟೆಟ್ರಾಹೈಡ್ರೊಫ್ಯೂರಾನ್ ಎಂಬ ದ್ರಾವಕದಲ್ಲಿ ಕರಗಿಸಿದಾಗ ಮಂಕಾಗಿರುವ ಈ ಅಣುಗಳು, ನೀರು ಬೆರೆಸುತ್ತ ಹೋದಂತೆ, ವೀಳ್ಯದೆಲೆಯ ಕಟ್ಟಿನ ಹಾಗೆ ತಾವಾಗಿಯೇ ಒಂದರ ಮೇಲೊಂದು ಕೂಡಿಕೊಂಡು, 365 ನ್ಯಾನೋಮೀಟರ್ ಅತಿನೇರಳೆ ದೀಪದ ಕೆಳಗೆ ಹಳದಿಯಾಗಿ ಬೆಳಗುತ್ತವೆ. ಒಂಟಿ ಅಣುವಿನ ತಿರುಚಾಟದಲ್ಲಿ ಸೋರಿಹೋಗುವ ಶಕ್ತಿ ಗುಂಪಿನಲ್ಲಿ ಬೆಳಕಾಗಿ ಹೊರಬೀಳುವ ಈ ಬಗೆಯ ವರ್ತನೆಗೆ 2001ರಲ್ಲಿ ರಸಾಯನವಿಜ್ಞಾನಿ ಬೆನ್ ಜೋಂಗ್ ಟ್ಯಾಂಗ್ ಅವರ ತಂಡ ‘ಗುಂಪುಗೂಡುವಿಕೆಯಿಂದ ಹೊಮ್ಮುವ ಬೆಳಕು’ (ಅಗ್ರಿಗೇಶನ್-ಇಂಡ್ಯೂಸ್ಡ್ ಎಮಿಷನ್) ಎಂಬ ಹೆಸರು ಕೊಟ್ಟಿತು.

ಅದೇ ದೀಪವನ್ನು ಹೆಚ್ಚು ಹೊತ್ತು ಹಿಡಿದರೆ ಅಣುವಿನ ನಡುವಿನ ದ್ವಿಬಂಧ ಮಗುಚಿಕೊಳ್ಳುತ್ತದೆ. ಹಾಗೆ ಬಾಗಿದ ಅಣು ಕಟ್ಟಿನಲ್ಲಿ ಕೂರಲಾರದು, ನೆರೆಹೊರೆಯ ಹಿಡಿತ ಸಡಿಲವಾಗಿ ಹಳದಿ ಕುಂದಿ ನೀಲಿ ಮೇಲೇಳುತ್ತದೆ. ನಡುವೆ ದೀಪ ಆರಿಸಿದರೆ ಎರಡೂ ಬೆರೆತು ಬಿಳಿಗೆ ಸಮೀಪದ ಬೆಳಕು ಸಿಗುತ್ತದೆ. ಹೊಳಪು ಕುಗ್ಗುವುದಂತೂ ಈ ವಿಧಾನಕ್ಕೆ ತೆರಬೇಕಾದ ದಂಡ.

ನನ್ನನ್ನು ಕಾಡಿದ್ದು ಬೇರೆಯೇ. ಬೆಳಗಿನ ಅಳತೆಗೂ ಮಧ್ಯಾಹ್ನದ ಅಳತೆಗೂ ತಾಳೆಯಾಗುತ್ತಿರಲಿಲ್ಲ. ಒಂದೇ ಮಾದರಿಯನ್ನು ಮೂರು ಬಾರಿ ಅಳೆದರೆ ಪ್ರತಿ ಸಲವೂ ನಕ್ಷೆಯಲ್ಲಿ ಹಳದಿ ಬೆಳಕಿನ ಶಿಖರ ತುಸು ಕೆಳಗಿಳಿಯುತ್ತಿತ್ತು. ಶುದ್ಧತೆಯನ್ನು ಅನುಮಾನಿಸಿ ಎರಡು ಬಾರಿ ಕಾಲಮ್ ಹಾಕಿದ್ದು (ಕೊಳವೆಯ ಮೂಲಕ ಹಾಯಿಸಿ ಶುದ್ಧಗೊಳಿಸಿದ್ದು) ವ್ಯರ್ಥವಾಯಿತು. ಕೊನೆಗೆ ತಿಳಿದದ್ದು, ಹೊಮ್ಮುವ ಬೆಳಕನ್ನು ಅಳೆಯುವ ಫ್ಲೋರೋಮೀಟರಿನ ಝೆನಾನ್ ದೀಪವೂ ಪಡುವಣ ಕಿಟಕಿಯ ಬಿಸಿಲೂ ನಾನು ಹೇಳದೆಯೇ ಪ್ರಯೋಗವನ್ನು ನಡೆಸುತ್ತಿದ್ದವು! ಅಂದಿನಿಂದ ಸೀಸೆಗಳಿಗೆ ಅಲ್ಯೂಮಿನಿಯಂ ಹಾಳೆ ಸುತ್ತುವುದು, ಉಪಕರಣದಲ್ಲಿ ಬೆಳಕು ಹಾಯುವ ಸೀಳನ್ನು ಕಿರಿದಾಗಿಯೇ ಇಡುವುದು, ಪ್ರತಿ ಅಳತೆಗೂ ಹೊಸ ಮಾದರಿ ತೆಗೆದುಕೊಳ್ಳುವುದು ಅಭ್ಯಾಸವಾಯಿತು.

ಬಣ್ಣ ಬದಲಾದದ್ದು ದೀಪದ ಶಾಖದಿಂದಲೇ ಇರಬಹುದಲ್ಲವೇ ಎಂಬ ಪ್ರಶ್ನೆಗೆ, ಅಷ್ಟೇ ಬೆಚ್ಚಗಿನ ತಟ್ಟೆಯ ಮೇಲೆ ಕತ್ತಲಲ್ಲಿಟ್ಟ ಗಾಜಿನ ಮೇಲಿನ ತೆಳುಪದರ ಹಳದಿಯಾಗಿಯೇ ಉಳಿದು ಉತ್ತರ ಕೊಟ್ಟಿತು. ಅಣುಗಳು ಒತ್ತಾಗಿ ಕುಳಿತ ಪದರದಲ್ಲಿ ಪಕ್ಕದವುಗಳೆರಡು ಬೆಸೆದು ನಾಲ್ಕು ಇಂಗಾಲದ ಉಂಗುರವಾಗುವ ಇನ್ನೊಂದು ದಾರಿಯೂ ಉಂಟು. ಅಣುವಿನ ರಚನೆ ತಿಳಿಸುವ ಎನ್‌ಎಂಆರ್ ಪರೀಕ್ಷೆ ನೋಡದೆ, ಬರಿಗಣ್ಣಿನ ಬಣ್ಣ ನಂಬಿ ಯಾವುದು ನಡೆಯಿತೆಂದು ಹೇಳುವುದು ಸರಿಯಲ್ಲ. ನಮ್ಮ ಮಾದರಿಯಲ್ಲಿ ಆ ಉಂಗುರದ ಗುರುತು ಕಾಣಲಿಲ್ಲ.

ಆಮೇಲೆ ಕಪ್ಪು ಕಾಗದದಲ್ಲಿ ರಂಗೋಲಿಯ ಚುಕ್ಕಿಗಳಂತೆ ತೂತುಗಳನ್ನು ಕತ್ತರಿಸಿ, ಆ ಕಾಗದವನ್ನು ಪದರದ ಮೇಲಿಟ್ಟು ದೀಪ ಹಿಡಿದೆ. ಹಳದಿಯ ನಡುವೆ ನೀಲಿ ಚುಕ್ಕಿಗಳು ಮೂಡಿದವು. ಕಾಗದ ಸರಿಯಾಗಿ ಅಂಟದಿದ್ದ ಒಂದು ಮೂಲೆಯಲ್ಲಿ ಮಾತ್ರ ಅಂಚು ಕದಡಿತ್ತು.