ಬೂಷ್ಟು ಹಿಡಿದ ಭರಣಿಯ ವಿಡಿಯೊ ಹಾಕಿದ ಮೇಲೆ

ಈ ಸಲ ನಮ್ಮ ಮನೆಯ ಅಪ್ಪೆಮಿಡಿ ಉಪ್ಪಿನಕಾಯಿ ಮಳೆ ಹಿಡಿಯೋ ಮೊದಲೇ ಖಾಲಿ. ಹೆಚ್ಚುಕಮ್ಮಿ 340 ಬಾಟಲಿ. ಜಾಹೀರಾತಿಗೆ ಒಂದು ರೂಪಾಯಿ ಹಾಕಿಲ್ಲ. ‘ನೀನು ಹೀಗೆ ಹಾಡಿಲ್ಲದೆ, ಮನೆಮಾತಲ್ಲಿ, ವಾರಕ್ಕೊಂದೇ ವಿಡಿಯೊ ಹಾಕ್ತಿದ್ರೆ ರೀಚ್, ಅಂದ್ರೆ ನೋಡೋ ಜನ, ಸತ್ತೇ ಹೋಗುತ್ತೆ’ ಅಂದಿದ್ದ ಗೆಳೆಯರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಜಂಭ ಅಂದುಕೊಂಡರೂ ಸರಿ.

ಮೊದಲೆರಡು ವರ್ಷ ನಾನೂ ಎಲ್ಲರಂತೆ ಕುಣಿದವನೇ. 2020ರ ಜೂನ್ ಕೊನೆಗೆ ಟಿಕ್‌ಟಾಕ್ ಬಂದ್ ಆಯ್ತಲ್ಲ, ಮರುತಿಂಗಳೇ ಇನ್‌ಸ್ಟಾಗ್ರಾಮ್‌ನ ರೀಲ್ಸ್ ಬಂತು. ಶಿರಸಿ ಕಡೆಯ ನಮ್ಮ ಅಂಗಳದಲ್ಲೇ ರಿಂಗ್ ಲೈಟ್ ನಿಲ್ಲಿಸಿದೆ. ಒಬ್ಬ ಸಲಹೆಗಾರರಿಗೆ 18 ಸಾವಿರ ಕೊಟ್ಟೆ. ‘ನಿಮ್ಮ ಮನೆಮಾತು ಹವ್ಯಕ ಬೇಡ, ಟ್ರೆಂಡಿಂಗ್ ಹಾಡು ಹಾಕಿ, ದಿನಕ್ಕೆರಡು ರೀಲ್ ಬಿಡಿ’ ಅಂದರು. ಬಿಟ್ಟೆ. ಒಂದು ರೀಲ್ 4 ಲಕ್ಷದ ಹತ್ತಿರ ಹೋಯಿತು. ಆರ್ಡರ್ ಬಂದಿದ್ದು ಹನ್ನೊಂದು! ದುಡ್ಡು ಕೊಟ್ಟು ಹೆಚ್ಚು ಜನಕ್ಕೆ ತೋರಿಸೋ ಬೂಸ್ಟ್ ಬಟನ್ ಒತ್ತಿ ಒತ್ತಿ ಇನ್ನೊಂದು ಒಂಬತ್ತು ಸಾವಿರ ಕಳೆದೆ.

ಆಮೇಲೆ ಒಂದು ದಿನ ಭರಣಿ ಮುಚ್ಚಳ ತೆಗೆದರೆ ಮೇಲೆಲ್ಲ ಬಿಳಿ ಬೂಷ್ಟು. ಒದ್ದೆ ಸೌಟು ಹಾಕಿದ್ದು ನಾನೇ. ಸುಮಾರು ಆರು ಸಾವಿರದ ಮಾಲು ಗೊಬ್ಬರಗುಂಡಿಗೆ ಹೋಯಿತು. ಸಿಟ್ಟಿನಲ್ಲಿ ಅದನ್ನೇ ವಿಡಿಯೊ ಮಾಡಿ ಹಾಕಿದೆ. ಹಾಡಿಲ್ಲ, ಶುರುವಲ್ಲೇ ಜನರನ್ನು ಹಿಡಿದಿಡೋ ‘ಹುಕ್’ ಇಲ್ಲ, ಏಳು ನಿಮಿಷ. ಹಿಂದಿನಿಂದ ಆಯಿ (ಅಮ್ಮ), ‘ಮಾಣಿ, ಸುಮ್ನೆ ಮಾತಾಡಡ, ಉಪ್ಪು ತಗಂಬಾ’ ಎಂದು ಬೈದದ್ದನ್ನೂ ಕತ್ತರಿಸಲಿಲ್ಲ. ನೋಡಿದವರು ಎರಡು ಸಾವಿರವೂ ಇರಲಿಲ್ಲ. ವಾರದಲ್ಲಿ 40 ಆರ್ಡರ್. ಕೆಟ್ಟಿದ್ದನ್ನು ತೋರಿಸುವವನು ಕೆಟ್ಟಿದ್ದನ್ನು ಕಳಿಸಲ್ಲ ಅಂತ ಜನಕ್ಕೆ ಅನಿಸಿತೋ ಏನೋ.

ಅಲ್ಲಿಂದ ಮನೆಮಾತಲ್ಲೇ ಮಾತು, ಕೆಳಗೆ ಎಲ್ಲರಿಗೂ ತಿಳಿಯೋ ಕನ್ನಡದಲ್ಲಿ ಸಾಲು. ವಾರಕ್ಕೊಂದೇ ವಿಡಿಯೊ. ಮಿಡಿ ಇಲ್ಲದ ತಿಂಗಳಲ್ಲಿ ಅದೂ ಇಲ್ಲ. ತೊಟ್ಟು ಮುರಿದ ಮಿಡಿ ಆರಿಸಿ ಬದಿಗಿಡೋದನ್ನು ಪೂರ್ತಿ ತೋರಿಸುತ್ತೇನೆ. ಬೇಜಾರಾದವರು ಹೋಗಲಿ.

ನಡುವೆ ಒಂದು ಹುಚ್ಚು ಪ್ರಯೋಗ: ಹಲಸಿನ ಹಪ್ಪಳ ಒಣಗೋದನ್ನು 40 ನಿಮಿಷ ಲೈವ್ ಬಿಟ್ಟೆ. ನೋಡಿದವರು ಆರು ಜನ. ಅದರಲ್ಲಿ ಒಬ್ಬ ನಮ್ಮ ಭಾವ. ಇನ್ನೊಂದು ಕಾಗೆ, ಅದು ನೇರವಾಗಿಯೇ ಬಂದಿತ್ತು.

ನಿಜವಾದ ವ್ಯಾಪಾರ ಇರೋದು ವಾಟ್ಸಾಪ್‌ನಲ್ಲಿ. ಒಂದೇ ಮೆಸೇಜನ್ನು ಹಲವರಿಗೆ ಬೇರೆ ಬೇರೆಯಾಗಿ ಕಳಿಸೋ ಬ್ರಾಡ್‌ಕಾಸ್ಟ್ ಲಿಸ್ಟಿಗೆ 256 ಜನರ ಮಿತಿ, ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ತಲುಪುತ್ತೆ, ಗೊತ್ತಲ್ವಾ? ಆ ಮಿತಿಯೇ ನನಗೆ ಜರಡಿ. ಈಗ ಅಂಥ ಮೂರು ಲಿಸ್ಟ್ ಇವೆ. ಸೇವ್ ಮಾಡಿಸೋದು ಹೇಗೆ, ಮೊದಲ ಮೆಸೇಜಲ್ಲಿ ಏನು ಬರೀತೀನಿ ಅನ್ನೋದನ್ನು ಮಾತ್ರ ಹೇಳಲ್ಲ. ಆಯಿಯ ಮಸಾಲೆ ಅಳತೆಯನ್ನೂ ಕೇಳಬೇಡಿ.

ಆಯಿಗೆ ಇನ್ನೂ ಸಮಾಧಾನ ಇಲ್ಲ. ಆ ಬೂಷ್ಟಿನ ವಿಡಿಯೊ ತೆಗೆದುಹಾಕು, ನೆಂಟರೆಲ್ಲ ನೋಡ್ತಾರೆ ಅಂತ ಮೊನ್ನೆಯೂ ಬೈದಳು.